ಖೋಲಿ ಕಾಸುವ ಶೇಗಡಿ

ನಮ್ಮ ಕಡೆ ಬೆಂಕಿಗೆ ಎರಡೇ ಕೆಲಸ: ಅಡುಗೆ ಬೇಯಿಸುವುದು, ಸ್ನಾನದ ನೀರು ಕಾಸುವುದು. ಖೋಲಿ ಕಾಸಲು ಯಾರೂ ಒಲೆ ಕೊಳ್ಳುವುದಿಲ್ಲ. ಆ ಕೆಲಸವನ್ನು ವರ್ಷದ ಎಂಟು ತಿಂಗಳು ಸೂರ್ಯನೇ ಬೇಡವೆಂದರೂ ಮಾಡುತ್ತಾನೆ. ಅಂಥ ಸೀಮೆಯಲ್ಲಿ, ಐವತ್ತರ ದಶಕದ ಒಂದು ಮಾಗಿಯಲ್ಲಿ, ಖೋಲಿ ಕಾಸುವ ಶೇಗಡಿ ಹುಡುಕಿಕೊಂಡು ನಾನು ಗುಡೂರಿನಿಂದ ಇಳಕಲ್ಲಿಗೆ ಹೊರಟಿದ್ದೆ. ಮೂರು ದಿನದಿಂದ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಬಸ್ಸಿನಲ್ಲಿ ಕೂತಲ್ಲೇ ತೂಕಡಿಸಿ ಪಕ್ಕದವನ ಹೆಗಲ ಮೇಲೆ ತಲೆ ಇಟ್ಟುಬಿಟ್ಟಿದ್ದೆ. ಪುಣ್ಯಾತ್ಮ, ಊರು ಬರುವ ತನಕ ಎಬ್ಬಿಸಲಿಲ್ಲ.

ಆಗ ನಾನು ಗುಡೂರಿನ ಸಾಲಿಯಲ್ಲಿ ಮಾಸ್ತರ. ಬಾಡಿಗೆಗೆ ಹಿಡಿದದ್ದು ಮಣ್ಣಿನ ಮಾಳಿಗೆಯ ಒಂದೇ ಖೋಲಿ, ಅದರ ಮುಂದೆ ಒಂದು ಪಡಸಾಲೆ. ಹೆಂಡತಿಗೆ ಏಳನೇ ತಿಂಗಳು. ಸೀಮಂತದ ಕುಬಸ ಮಾಡಿ ಮಗಳನ್ನು ಬಾಗಲಕೋಟೆಯ ತವರಿಗೆ ಕರೆದೊಯ್ಯಬೇಕೆಂದು ಅತ್ತೆ ಬಂದಿದ್ದರು. ಉಡಿಸಬೇಕಾದ ಹಸಿರು ಸೀರೆ ಇನ್ನೂ ಟ್ರಂಕಿನಲ್ಲೇ ಇತ್ತು, ಕೂಸು ಬಂದುಬಿಟ್ಟಿತು. ಹೆಣ್ಣು. ಎರಡು ಅಂಗೈ ಬೇಡ, ಒಂದರಲ್ಲೇ ಹಿಡಿಸುವಷ್ಟು. ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ. ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಹುನಗುಂದದಿಂದ ಕರೆತಂದ ಡಾಕ್ಟರು ನೋಡಿ ಚೀಲ ಮುಚ್ಚಿದರು. "ಇದಕ್ಕ ಔಷಧ ಇಲ್ರಿ ಮಾಸ್ತರ. ಬೆಚ್ಚಗ ಇಡ್ರಿ. ಮೈ ತಣ್ಣಗಾಗಲಿಕ್ಕೆ ಬಿಡಬ್ಯಾಡ್ರಿ. ಉಳದ್ರ ಅದರಿಂದನ ಉಳೀಬೇಕು" ಅಂದರು.

ಬಾಣಂತಿಯ ಹೊರಸಿನ ಕೆಳಗೆ ಬೆಂಕಿ ಇಡುವುದು ನಮ್ಮ ಹಳೆಯ ಪದ್ಧತಿ. ಅತ್ತೆ ಅಡುಗೆಯ ಒಲೆಯಿಂದ ಹಂಚಿನಲ್ಲಿ ಕೆಂಡ ತಂದು ಇಡುತ್ತಿದ್ದರು. ಅದು ನೋಡನೋಡುತ್ತ ಬೂದಿಯಾಗುತ್ತಿತ್ತು, ಕೂಸಿನ ಕಾಲು ಮತ್ತೆ ತಣ್ಣಗಾಗುತ್ತಿತ್ತು. ಸರಿಯಾದ ಒಲೆಯೇ ಬೇಕು ಅಂತ ಮೂರನೇ ದಿನ ತೀರ್ಮಾನವಾಯಿತು. ತರುವವನು ಮತ್ತೆ ಯಾರು, ನಾನೇ.

ಇಳಕಲ್ಲಿನ ಪೇಟೆಯಲ್ಲಿ ಮೊದಲು ಕುಂಬಾರನ ಮಣ್ಣಿನ ಒಲೆ ನೋಡಿದೆ. ಕಟ್ಟಿಗೆ ಹಾಕಿದರೆ ಹೊಗೆ, ಬೇಡವೆನಿಸಿತು. ಆಮೇಲೆ ಹಳೆಯ ಕಬ್ಬಿಣ ಮಾರುವವನ ಅಂಗಡಿಗೆ ಹೋದೆ.

"ಏನ ಕಾಸಾಕ ಬೇಕ್ರಿ ಮಾಸ್ತರ? ಚಾ ಕಾಸಾಕೋ, ಹಾಲ ಕಾಸಾಕೋ?"

"ಖೋಲಿ ಕಾಸಲಿಕ್ಕೆ."

ಅವನು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. "ಖೋಲಿ ತಂಪ ಮಾಡೂದು ಏನರ ಐತೇನು ಅಂತ ಕೇಳವ್ರು ಭಾಳ ಮಂದಿ ಅದಾರ. ಕಾಸವ್ರು ನೀವ ಮೊದಲಿಗರು ನೋಡ್ರಿ."

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಂಗತಿ ಹೇಳಿದೆ. ಅವನ ಮುಖ ಇಳಿಯಿತು. ಒಳಗೆ ಹೋಗಿ, ಯಾವುದೋ ಬಂಗಲೆಯ ಲಿಲಾವಿನಲ್ಲಿ ಕೂಗಿ ಕೊಂಡದ್ದಂತೆ, ಒಂದು ಪುಟ್ಟ ಕಬ್ಬಿಣದ ಒಲೆ ಎತ್ತಿಕೊಂಡು ಬಂದ. ಮೊಣಕಾಲೆತ್ತರ, ಮುಂದೆ ಚಿಲಕದ ಬಾಗಿಲು, ಹಿಂದೆ ಹೊಗೆ ಹೋಗುವ ಉದ್ದ ಕೊಳವೆ. "ನಾಕ ತುಂಡ ಕಟಗಿ ಹಾಕ್ರಿ, ಅರ್ಧ ದಿನ ನೋಡೂದ ಬ್ಯಾಡ. ಹೊಗಿ ಎಲ್ಲಾ ಮ್ಯಾಲಿಂದ ಹೋಗತೈತಿ. ಮಾಳಿಗಿಗೆ ಒಂದ ತೂತ ಹೊಡೀಬೇಕು, ಅಷ್ಟ."

ತೂತು. ಬಾಣಂತಿಯ ಖೋಲಿಗೆ ತೂತು. ಅತ್ತೆ ಮೂರು ದಿನದಿಂದ ಗೋಡೆಯ ಸಂದುಗೊಂದುಗಳಿಗೆಲ್ಲ ಹಳೆಯ ಸೀರೆಯ ಚೂರು ತುರುಕಿ, ಮಾಳಿಗೆಯ ಬೆಳಕಿಂಡಿಗೆ ಕಲ್ಲು ಮುಚ್ಚಿಸಿದ್ದರು. ಬಾಣಂತಿಗೆ ಗಾಳಿ ಅಂದರೆ ಯಮ. ಆ ಮಾತಿನಲ್ಲೇ ನಾನೂ ಬೆಳೆದವನು. ಅತ್ತೆಯ ಜೊತೆ ವಾದ ಮಾಡುವಷ್ಟು ತ್ರಾಣವೂ ಇರಲಿಲ್ಲ. ಕೊಳವೆಯ ಒಲೆಯನ್ನು ಬಿಟ್ಟು, ಪಕ್ಕದಲ್ಲಿದ್ದ ಇದ್ದಲಿಯ ಶೇಗಡಿಯನ್ನು ಆರಿಸಿದೆ. ಮೂರು ಕಾಲು, ಗುಂಡು ಹೊಟ್ಟೆ, ಹೊಗೆಯೇ ಇಲ್ಲ. ಹೊಗೆ ಇಲ್ಲ ಅಂದಮೇಲೆ ಕೇಡೂ ಇಲ್ಲ ಅಂತ ನನ್ನ ಲೆಕ್ಕ.

ಜಾಲಿಯ ಇದ್ದಲಿ ತುಂಬಿ ಹೊತ್ತಿಸಿ ಹೊರಸಿನ ಪಕ್ಕಕ್ಕಿಟ್ಟೆವು. ಖೋಲಿ ಬೆಚ್ಚಗಾಯಿತು. ಅತ್ತೆ ನನ್ನನ್ನು ಮೊದಲ ಸಲ ಮೆಚ್ಚುಗೆಯಿಂದ ನೋಡಿದರು. ನಾನು ಪಡಸಾಲೆಯಲ್ಲಿ ಬಿದ್ದುಕೊಂಡೆ. ವೃದ್ಧಿ, ಅಂದರೆ ಹೆರಿಗೆಯ ಮೈಲಿಗೆ, ಕಳೆಯುವ ತನಕ ಹತ್ತು ದಿನ ಅಪ್ಪನಾದವನು ಬಾಣಂತಿಯನ್ನೂ ಕೂಸನ್ನೂ ಮುಟ್ಟುವಂತಿರಲಿಲ್ಲ.

ಹೆತ್ತ ಮರುದಿನದಿಂದಲೇ ಜ್ವರದಲ್ಲಿದ್ದ ಹೆಂಡತಿ ಬೆಳಿಗ್ಗೆ ವಾಂತಿ ಮಾಡಿಕೊಂಡಳು. ತಲೆ ಸಿಡಿಯುತ್ತದೆ ಅಂದಳು, ಏಳಹೋಗಿ ಕುಸಿದಳು. ಕೂಸು ಬಾಯಿ ತೆರೆಯುವುದನ್ನೂ ನಿಲ್ಲಿಸಿತ್ತು. ಎಲ್ಲಿಂದಲೋ ಗಾಳಿ ಹೊಕ್ಕಿದೆ ಅಂತ ಅತ್ತೆ ಬಾಗಿಲ ಸಂದಿಗೂ ಅರಿವೆ ತುರುಕಿದರು. ದೃಷ್ಟಿ ಇರಬಹುದೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಅದೇ ಶೇಗಡಿಗೆ ಹಾಕಿದರು. ನಾನು ಬಾಗಿಲ ಹೊರಗೆ ಕಂಬದಂತೆ ನಿಂತಿದ್ದೆ.

ಆ ಹೊತ್ತಿಗೆ ಹಾಲು ಹಾಕುವ ಮುದುಕಿ ಬಂದಳು. ಬೀರಪ್ಪನ ಒಕ್ಕಲು, ಕುರಿ ಸಾಕುವವರ ಪೈಕಿ, ಹಣೆ ತುಂಬ ಭಂಡಾರ, ಹೆಗಲ ಮೇಲೆ ಕರಿಕಂಬಳಿ. ಒಳಗಿನಿಂದ ಉಬ್ಬಸದ ಅತ್ತೆಯ ಕೆಮ್ಮು ಕೇಳಿ ಬಾಗಿಲು ನೂಕಿದಳು, ಮುಖಕ್ಕೆ ಬಡಿದ ಝಳಕ್ಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ಯವ್ವಾ, ಇದ ಖೋಲಿಯೋ ಹಗೇವೋ?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಹಗೇವಿಗೆ ಇಳಿಯೂ ಮುಂದ ನಾವು ದೀಪ ಬಿಟ್ಟ ನೋಡತೀವ್ರಿ ಮಾಸ್ತರ. ನೀವು ಕೂಸಿನ ಬಿಟ್ಟ ನೋಡಾಕತ್ತೀರೇನು?"

ಜೋಳ ತುಂಬಿಡುವ ನೆಲದೊಳಗಿನ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಆಳನ್ನು ಕೊಲ್ಲುತ್ತದೆ. ಇದು ಈ ಸೀಮೆಯ ಎಲ್ಲರಿಗೂ ಗೊತ್ತು. ನನಗೆ ಇನ್ನೂ ಹೆಚ್ಚು ಗೊತ್ತಿತ್ತು. ದೀಪಾವಳಿ ಮುಗಿದ ಮೇಲೆ ಇದೇ ಪಾಠವನ್ನು, ಮುಚ್ಚಿದ ಕೋಣೆಯಲ್ಲಿ ಇದ್ದಲಿ ಉರಿಸಬಾರದೆಂದು, ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಊರಿಗೆ ಉಪದೇಶ ಮಾಡಿ ಮನೆಯಲ್ಲಿ ಹೆಂಡತಿ ಮಗಳಿಗೆ ವಿಷ ಉಣಿಸಿದ್ದೆ. ಶೇಗಡಿ ಎತ್ತಿ ಅಂಗಳಕ್ಕೆ ಒಯ್ದಿಟ್ಟಾಗ ನನ್ನ ಬೆರಳು ಸುಟ್ಟವು. ಸುಡಲಿ ಅನಿಸಿತು.

ಮುದುಕಿ ನನಗೆ ಬೆಳಕಿಂಡಿಯ ಕಲ್ಲು ಸರಿಸಲು ಹೇಳಿದಳು, ತಾನೇ ಬಾಗಿಲು ತೆರೆದಿಟ್ಟಳು. "ಮತ್ತ ಕೂಸಿಗೆ ಥಂಡಿ?" ಅಂದರು ಅತ್ತೆ.

"ಕುರಿ ದಿನ ತುಂಬದ ಮರಿ ಹಾಕಿದ್ರ ನಾವು ಒಲಿ ಹುಡಕತೀವೇನ್ರಿ? ಎದಿಗೆ ಅವಚಿಕೊಂಡು ಮ್ಯಾಲೆ ಕಂಬಳಿ ಹೊಚ್ಚಿಕೊಂತೀವಿ. ಬರೇ ಮೈಗೆ ಬರೇ ಮೈ. ತಾಯಿಗಿ ಆಗೂದಿಲ್ಲ, ಜ್ವರ ಬಂದಾವು. ನೀವು ದಮ್ಮಿನವ್ರು. ಅಪ್ಪ ಏನ ಮಾಡತಾನ, ಅಂವನ ಎದಿ ಏನ ಆರೇತೇನು?"

ನನಗೆ ವೃದ್ಧಿ ಕಳೆಯಲು ಇನ್ನೂ ಆರು ದಿನ ಇತ್ತು. ಅತ್ತೆ ಮುದುಕಿಯ ಹೆಗಲ ಮೇಲಿನ ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಕೊನೆಗೆ, "ಉಣ್ಣೀದು. ಉಣ್ಣೀಗೆ ಮೈಲಿಗಿ ಇಲ್ಲ" ಅಂದರು. ಆ ಶಾಸ್ತ್ರ ಇಲ್ಲಿಗೆ ಹೊಂದುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಅಂಗಿ ಬಿಚ್ಚಿ ಗೋಡೆಗೆ ಒರಗಿ ಕೂತೆ.

ಎದೆಯ ಮೇಲಿಟ್ಟಾಗ ಕೂಸು ಒದ್ದೆ ಎಲೆಯ ಹಾಗೆ ತಣ್ಣಗಿತ್ತು. ಭಯವಾಯಿತು. ಮೇಲೆ ಕಂಬಳಿ ಬಿತ್ತು. ಅದರ ವಾಸನೆ, ಅದರ ಚುಚ್ಚುವಿಕೆ, ಅದರೊಳಗೆ ನನ್ನ ಬೆವರು. ಹೀಗೆ ಎಷ್ಟು ದಿನ ಕೂತೆನೋ ಸರಿಯಾಗಿ ನೆನಪಿಲ್ಲ. ಸಾಲಿಗೆ ರಜೆ ಚೀಟಿ ಕಳಿಸಿದ್ದೆ. ಹೆಂಡತಿಯ ಹಾಲನ್ನು ಬಟ್ಟಲಿಗೆ ಹಿಂಡಿ, ಅತ್ತೆ ಅರಳೆಯ ಬತ್ತಿ ಅದ್ದಿ ಕೂಸಿನ ತುಟಿಗೆ ಹಿಂಡುತ್ತಿದ್ದರು. ನಾನು ಉಂಡದ್ದೂ ಅವರ ಕೈಯಿಂದಲೇ. ಸೊಂಟ ಮರಗಟ್ಟಿತು, ಕುತ್ತಿಗೆ ಹಿಡಿಯಿತು. ನಿದ್ದೆ ಬಂದರೆ ಕೂಸು ಜಾರೀತು ಅಂತ ತೊಡೆ ಚಿವುಟಿಕೊಳ್ಳುತ್ತಿದ್ದೆ.

ಒಂದು ಮಾತು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಒಂದು ಮಧ್ಯಾಹ್ನ ನನಗೆ, ಇದು ಹೋಗುವುದೇ ಆದರೆ ಬೇಗ ಹೋಗಲಿ, ನಾನು ಮಲಗಬೇಕು ಅನಿಸಿತು. ಖರೆ ಅನಿಸಿತು. ಮರುಕ್ಷಣವೇ ಕಂಬಳಿಯೊಳಗೆ ಬೆರಳು ಹಾಕಿ ಅದರ ಬೆನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ಅದಾದ ಮೂರೋ ನಾಲ್ಕೋ ದಿನಕ್ಕೆ ಕೂತಲ್ಲೇ ನಿದ್ದೆ ಹೋದೆ. ಎಚ್ಚರಾದಾಗ ಎದೆಗೆ ಗಾಳಿ ತಾಗುತ್ತಿತ್ತು. ಕಂಬಳಿ ಇಲ್ಲ, ಕೂಸಿಲ್ಲ, ಎದೆಯ ಮೇಲೆ ಭಾರವಿಲ್ಲ. ನಾನು ಬೇಡಿದ್ದನ್ನು ದೇವರು ಕೊಟ್ಟುಬಿಟ್ಟ ಅಂದುಕೊಂಡೆ.

ಬೆಳಕಿಂಡಿಯಿಂದ ಬಿಸಿಲು ಬೀಳುವ ಜಾಗದಲ್ಲಿ ಹೆಂಡತಿ ಕೂತಿದ್ದಳು, ಕರಿಕಂಬಳಿ ಹೊದ್ದುಕೊಂಡು. ಎಷ್ಟೋ ದಿನದ ಮೇಲೆ ಅವಳು ಕೂತದ್ದನ್ನು ನೋಡಿದೆ. "ಜ್ವರಾ ಬಿಟ್ಟಾವ್ರಿ. ಇನ್ನ ನಾ ಹಿಡೀತೇನಿ, ನೀವು ಮಲಕೋರಿ" ಅಂದಳು. ಆ ಕಂಬಳಿಯೊಳಗಿಂದ ಒಂದು ಸದ್ದು ಬರುತ್ತಿತ್ತು. ನನ್ನ ಮಗಳು ಹಸಿದು ಅಳುತ್ತಿದ್ದಳು, ಪಡಸಾಲೆಗೂ ಕೇಳುವಷ್ಟು ಜೋರಾಗಿ. ಆ ಅಳುವನ್ನು ಕೇಳುತ್ತ ಕೇಳುತ್ತ ನಾನು ಬರೀ ನೆಲದ ಮೇಲೆ ಅಡ್ಡಾದೆ. ಎದ್ದದ್ದು ಮರುದಿನ ಬೆಳಿಗ್ಗೆ.