ದೀಪ ಹಚ್ಚಿದ ಮೇಲೆ ಬಣ್ಣ ನೋಡದ ಅತ್ತೆ

ಅತ್ತೆಯ ಎಡಗೈ ತೋರುಬೆರಳಿನಲ್ಲಿ ಒಂದು ಸಣ್ಣ ಕಾಲುವೆ ಇತ್ತು. ರಾಟೆಯಲ್ಲಿ ನೂಲು ಸುತ್ತುವಾಗ ಎಳೆ ಆ ಬೆರಳನ್ನು ಸವರಿಕೊಂಡೇ ಹೋಗಬೇಕು. ವರ್ಷಗಟ್ಟಲೆ ಓಡಿ ಓಡಿ ಅದು ಕೊರೆದ ಗೀರು. ಮಗ್ಗದ ಮೇಲೆ ಈಗ ಯಾವ ಸೀರೆ ಎಂದು ತಿಳಿಯಲು ಮಗ್ಗದ ಹತ್ತಿರ ಹೋಗಬೇಕಿರಲಿಲ್ಲ. ಅವಳು ಎಡಗೈಯಲ್ಲಿ ಪಾತ್ರೆ ಹಿಡಿದು ಅನ್ನ ಬಡಿಸಲು ಬಾಗಿದರೆ ಸಾಕು, ಆ ಗೀರಿನೊಳಗೆ ಅದೇ ಬಣ್ಣ ಕೂತಿರುತ್ತಿತ್ತು.

ಅವಳು ಅಪ್ಪನ ಅಕ್ಕ. ತಮಿಳುನಾಡಿನ ಸೂಲೂರಿನ ಹತ್ತಿರ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಮಾವ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವವನು. ನೂಲು, ಬಣ್ಣ, ಬಣ್ಣದವನ ಜೊತೆ ಜಗಳ, ಎಲ್ಲ ಅತ್ತೆಯದು. ಶಾಲೆಯಲ್ಲಿ, ಬೀದಿಯಲ್ಲಿ ತಮಿಳು; ಮನೆಯೊಳಗೆ ಕಾಲಿಟ್ಟರೆ ಅರ್ಧ ತಮಿಳು ಬೆರೆತ ನಮ್ಮ ಕನ್ನಡ. ಈ ಭಾಷೆಯ ಅಕ್ಷರಗಳನ್ನು ನಾನು ತಡವಾಗಿ ಕಲಿತೆ. ಮಾತು ಮಾತ್ರ ಅತ್ತೆಯ ಬಾಯಿಂದ ಬಂದದ್ದು, ಬಣ್ಣಗಳ ಹೆಸರಿನ ಸಮೇತ. ಅವಳಿಗೆ ಬರೀ ಹಸಿರು ಎಂಬುದೇ ಇರಲಿಲ್ಲ. ಬಾಳೆಸುಳಿ ಇತ್ತು, ಬಾಡಿದ ವೀಳ್ಯದೆಲೆ ಇತ್ತು. ಕೆಂಪಿನಲ್ಲಿ ಈರುಳ್ಳಿ ಸಿಪ್ಪೆ, ಸುಣ್ಣ ತಾಗಿದ ಅರಿಶಿನ.

ಸೀರೆ ಅರ್ಧಕ್ಕೆ ಬಂದಾಗ ನೂಲು ಮುಗಿದುಹೋಗುವುದುಂಟು. ಹೊಸದಾಗಿ ಬಣ್ಣ ಹಾಕಿಸಿ ತಂದ ನೂಲು ಹಳೆಯದಕ್ಕೆ ಸ್ವಲ್ಪ ಹೊಂದದಿದ್ದರೂ ಸೀರೆಗೆ ಅಡ್ಡಗೆರೆ ಬೀಳುತ್ತದೆ. ಆದ್ದರಿಂದ ಅತ್ತೆ ಹಳೆಯ, ಹೊಸ ಎರಡೂ ನೂಲಿನ ಲಡಿಗಳನ್ನು ಹೊಸ್ತಿಲಿಗೆ ತಂದು, ಹಗಲ ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು ನೋಡದೆ ಮಾವನಿಗೆ ಕೊಡುತ್ತಿರಲಿಲ್ಲ. ಬಣ್ಣದವನು ಸಂಜೆ ಬಂದರೆ ಕೆಟ್ಟ.

“ಲೈಟಲ್ಲೇ ನೋಡಿ ಹೇಳ್ಬಿಡಕ್ಕಾ, ಬಸ್ಸಿಗೆ ಹೊತ್ತಾಯ್ತು.”

“ಟ್ಯೂಬ್‌ಲೈಟಲ್ಲಿ ನೋಡ್ಕೊಂಡೇ ಹೆಣ್ಣು ಒಪ್ಪಿದ್ಯಾ ನೀನು? ಹೋಗಪ್ಪಾ, ಬೆಳಗ್ಗೆ ಬಾ.”

ಅವನು ಹೋದ ಮೇಲೆ, ಮುದ್ದಿಗೆ ‘ಸಾಮಿ’ ಎಂದೇ ಕರೆಯುತ್ತಿದ್ದ ನನಗೆ ಹೇಳುವಳು: “ದೀಪ ಹಚ್ಚಿದ ಮೇಲೆ ಬಣ್ಣ ಸುಳ್ಳು ಹೇಳ್ತದೆ ಸಾಮಿ.”

ಮಗ್ಗದ ಕೆಳಗೆ ಬಿದ್ದ ತುಂಡು ಎಳೆಗಳೇ ನನ್ನ ಆಟದ ಸಾಮಾನು. ಅವನ್ನು ಆರಿಸಿ ಮೆಟ್ಟಿಲ ಮೇಲೆ ಕಡುಬಣ್ಣದಿಂದ ತಿಳಿಬಣ್ಣಕ್ಕೆ ಸಾಲಾಗಿ ಇಡುತ್ತಿದ್ದೆ. ಅಮ್ಮ, “ಓದೋದು ಬಿಟ್ಟು ಕಸ ಆರಿಸ್ತಾಳೆ” ಎಂದು ಗೊಣಗುವಳು. ಅತ್ತೆ ಬಂದು, “ಕಣ್ಮುಚ್ಚು” ಎಂದು ಎರಡು ಎಳೆ ಅದಲುಬದಲು ಮಾಡುವಳು. ನಾನು ಕಂಡುಹಿಡಿದರೆ ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ. ಎಷ್ಟು ಬೆಲ್ಲ ತಿಂದೆನೋ!

ಪ್ಲಸ್ ಟೂ ಮುಗಿಯಿತು. ಬಟ್ಟೆಗೆ ಬಣ್ಣ ಹಾಕುವ ವಿದ್ಯೆಯನ್ನೇ ಕೊಯಮತ್ತೂರಿನ ಕಾಲೇಜೊಂದರಲ್ಲಿ ಕಲಿಸುತ್ತಾರೆಂದು ತಿಳಿದು ನಾನು ಅದಕ್ಕೇ ಆಸೆಪಟ್ಟೆ. ಅಪ್ಪ ಚಿಕ್ಕಂದಿನಲ್ಲೇ ಮಗ್ಗ ಬಿಟ್ಟು ಮಿಲ್ಲಿಗೆ ಹೋದವನು. “ಈ ಬಣ್ಣದ ನೀರಲ್ಲಿ ನಾವು ಕೈ ಅದ್ದಿದ್ದು ಸಾಕು. ಬಿಕಾಂ ಓದು, ಬ್ಯಾಂಕಲ್ಲಿ ಫ್ಯಾನ್ ಕೆಳಗೆ ಕೂತ್ಕೋ” ಎಂದ. ಸೋಮವಾರ ಬಿಕಾಂಗೆ ಸೇರಿಸುವುದೆಂದು ತೀರ್ಮಾನವೂ ಆಯಿತು. ಅತ್ತೆಯ ಬಳಿ ಹೋಗಿ ಕಣ್ಣೀರು ಹಾಕಿದೆ. “ನಿಮ್ಮಪ್ಪ ಹೇಳೋದೂ ಸುಳ್ಳಲ್ಲ ಸಾಮಿ. ಮಗ್ಗ ಅವನನ್ನ ಬಹಳ ಬೇಯಿಸ್ಬಿಡ್ತು” ಎಂದು ಮತ್ತೆ ರಾಟೆ ತಿರುಗಿಸಿದಳು.

ಅದೇ ವಾರ ಮಗ್ಗದ ಮೇಲೆ ಬಾಳೆಸುಳಿ ಸೀರೆ. ಹೊಸ ನೂಲು ಬಂದಿತ್ತು. ಅತ್ತೆ ಹೊಸ್ತಿಲಲ್ಲಿ ನಿಂತು ನೋಡಿ, “ಸರಿ ಇದೆ” ಎಂದು ಒಳಗೆ ತಿರುಗಿದಳು. ಹಾದುಹೋಗುತ್ತಿದ್ದ ನನ್ನ ಬಾಯಿಂದ ತಾನಾಗಿ ಬಂತು: “ಅತ್ತೆ, ಎರಡೂ ಒಂದಲ್ಲ. ಹೊಸದು ನೀಲಿಗೆ ಹೋಗಿದೆ.”

ಮಾವ ಮಗ್ಗ ನಿಲ್ಲಿಸಿದ. ಆ ಮನೆಯಲ್ಲಿ ಅತ್ತೆಗೆ ಅಂಥ ಮಾತನ್ನು ಯಾರೂ ಆಡಿದವರಿಲ್ಲ. ಬಣ್ಣದವನು ಇನ್ನೂ ಬೀದಿಯಲ್ಲೇ ಇದ್ದ, ತಲೆ ಕೆರೆದುಕೊಂಡು, “ಕೊನೇಲಿ ನೀಲಿ ಒಂದು ಚಿಟಿಕೆ ಜಾಸ್ತಿ ಬಿತ್ತಕ್ಕಾ. ನೀನು ಸರಿ ಅಂದ್ಯಲ್ಲ, ಸುಮ್ನಾದೆ” ಎಂದ. ಅತ್ತೆ ಲಡಿಗಳನ್ನು ಕಣ್ಣ ಹತ್ತಿರ ತಂದಳು, ದೂರ ಹಿಡಿದಳು. “ನನಗೆ ಕಾಣ್ತಾ ಇಲ್ಲವಲ್ಲ” ಎಂದು ಮೆಲ್ಲಗೆ ಹೇಳಿ ಹೊಸ್ತಿಲ ಮೇಲೇ ಕೂತುಬಿಟ್ಟಳು.

ಸಂಜೆ ನಮ್ಮ ಮನೆಗೆ ಬಂದು ತಮ್ಮನಿಗೆ ಹೇಳಿದಳು: “ತಂಬಿ, ನನ್ನ ಕಣ್ಣಿಗೆ ಪೊರೆ ಬಂದಂಗಿದೆ.”

ಅಪ್ಪ ಗಾಬರಿಯಾಗಿ ಎದ್ದ. “ನಾಳೇನೇ ಡಾಕ್ಟರ್ ಹತ್ರ ಹೋಗೋಣಕ್ಕಾ.”

“ಹೋಗೋಣ, ಕೂತ್ಕೋ. ನನಗೆ ಕಾಣದ್ದು ಇವಳಿಗೆ ಕಾಣ್ತು. ಬ್ಯಾಂಕಲ್ಲಿ ಕೂತ್ಕೊಂಡು ಇವಳೇನು ನೋಟಿಗೆ ಬಣ್ಣ ಹೊಂದಿಸ್ತಾಳಾ?”

“ನಾನು ಎದ್ದು ಬಂದ ಗುಂಡಿಗೇ ಇವಳನ್ನ ತಳ್ಳು ಅಂತೀಯಾ?”

“ಗುಂಡಿಗೆ ಯಾರು ತಳ್ಳು ಅಂದ್ರು? ಗುಂಡೀಲಿ ಕೂತಿರೋನು ನಿನ್ನ ಭಾವ. ಇವಳು ನನ್ನಂಗೆ ಬಾಗಿಲಲ್ಲಿ ನಿಂತು ಬಣ್ಣ ನೋಡೋಳು ಕಣೋ.”

ಅಪ್ಪ ಸೋಮವಾರ ಕೊಯಮತ್ತೂರಿನ ಉಕ್ಕಡಂಗೆ ಹೋಗುವ ಬಸ್ಸು ಹತ್ತಿಸಿ, ದಾರಿಯುದ್ದಕ್ಕೂ ಮುಖ ಕಿಟಕಿಗೆ ತಿರುಗಿಸಿಕೊಂಡೇ ಕೂತು, ನಾನು ಕೇಳಿದ ಕಾಲೇಜಿಗೇ ಕರೆದೊಯ್ದ. ಒಪ್ಪಿಗೆಯಲ್ಲ ಅದು, ಅಕ್ಕನ ಮಾತು ಮೀರಲಾರದ್ದು.

ಪೊರೆ ತೆಗೆಸಿದ ಮೇಲೆ ಅತ್ತೆ ತನ್ನ ಸೀರೆಗಳನ್ನೆಲ್ಲ ಹೊರಗೆ ಹರಡಿಕೊಂಡು, “ಅಯ್ಯೋ, ಇದು ನೀಲಿನಾ! ಇಷ್ಟು ದಿನ ಅರಿಶಿನ ನೀರಿನೊಳಗಿಂದ ನೋಡ್ತಿದ್ನಲ್ಲೋ” ಎಂದು ನಕ್ಕಿದ್ದೇ ನಕ್ಕಿದ್ದು. ಆದರೂ ರಜೆಗೆ ನಾನು ಬಂದರೆ ಲಡಿ ಹಿಡಿದುಕೊಂಡು ಕಾಯುವಳು.

ಈಗ ನಾನು ತಿರುಪ್ಪೂರಿನ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೇನೆ. ಬಟ್ಟೆಯ ಚೂರುಗಳನ್ನು ಒಂದು ಪೆಟ್ಟಿಗೆಯೊಳಗಿಟ್ಟು ಹಗಲಿನಂಥ ಬೆಳಕು, ಅಂಗಡಿಯ ಬೆಳಕು, ಮನೆಯ ಬೆಳಕು ಎಂದು ಬದಲಾಯಿಸಿ ನೋಡುವುದು ನನ್ನ ಕೆಲಸ. ಅದನ್ನು ವಿವರಿಸಿದಾಗ ಅತ್ತೆ ಹೇಳಿದ್ದು: “ಅಂದ್ರೆ ನಮ್ಮ ಹೊಸ್ತಿಲನ್ನ ಪೆಟ್ಟಿಗೇಲಿ ಇಟ್ಟವರೆ ಅನ್ನು.”

ಕಳೆದ ತೈ ತಿಂಗಳಲ್ಲಿ, ಸಂಕ್ರಾಂತಿಯಾದ ಮೇಲೆ, ರಾತ್ರಿ ಮಲಗಿದ ಅತ್ತೆ ಬೆಳಗ್ಗೆ ಏಳಲಿಲ್ಲ. ನಮ್ಮಲ್ಲಿ ಹೆಣ್ಣಿಗೆ ಕೊನೆಯ ಹೊಸ ಸೀರೆ ತವರಿನಿಂದಲೇ ಬರಬೇಕು. ಅಪ್ಪ ನನ್ನನ್ನು ಕರೆದುಕೊಂಡು ಅಂಗಡಿಗೆ ಹೋದ. ಬಾಳೆಸುಳಿ ಬಣ್ಣದ್ದೊಂದನ್ನು ಆರಿಸಿ ನಾನು ಬಾಗಿಲ ಕಡೆ ಹೊರಟೆ. ಅಂಗಡಿಯವನು ತಮಿಳಿನಲ್ಲಿ, “ಸಾವಿನ ಸೀರೆಗೆ ಇಷ್ಟೆಲ್ಲ ಯಾಕಮ್ಮಾ ನೋಡೋದು?” ಎಂದ.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡ. “ನಮ್ಮಕ್ಕ ಲೈಟಲ್ಲಿ ಬಣ್ಣ ನೋಡೋಳಲ್ಲ” ಎಂದು ಮುಂದಾಗಿ ಬೀದಿಗಿಳಿದ. ಇಬ್ಬರೂ ಒಂದೊಂದು ತುದಿ ಹಿಡಿದು ಬಿಸಿಲಲ್ಲಿ ನಿಂತೆವು.

“ಹೇಳು. ಸರಿ ಇದೆಯಾ?”

“ಇಲ್ಲಪ್ಪಾ. ನೀಲಿಗೆ ಹೋಗಿದೆ.”

ಅಪ್ಪ ಅದನ್ನು ಮಡಿಸಿ ಒಳಗೆ ಹೋಗಿ, ಇನ್ನೊಂದನ್ನು ತಂದು ನನ್ನ ಮುಂದೆ ಬಿಚ್ಚಿ ಹಿಡಿದ.