ಅತ್ತೆಯ ಜಾಗದಲ್ಲಿ ಹೂತಿಟ್ಟ ಮೇಣದ ಬಿಲ್ಲೆ

ಅರಕಲಗೂಡಿನ ಪೇಟೆಬೀದಿಯಲ್ಲಿ ಬಿತ್ತನೆ ಆಲೂಗಡ್ಡೆ ಮಾರುವ ನೀಲಾಂಬಿಕೆಗೆ ಅಂದಾಜು ಎಂಬ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಜಲಂಧರದಿಂದ ಲಾರಿ ಬಂದು ನಿಂತಿತೆಂದರೆ ಏಜೆಂಟನ ಬಾಯಿಮಾತು ಆಕೆಗೆ ಬೇಡ. ಯಾವುದಾದರೊಂದು ಮೂಟೆಯನ್ನು ತಾನೇ ಆರಿಸಿ, ನೆಲಕ್ಕೆ ಸುರಿಸಿ, ಎಷ್ಟು ಗೆಡ್ಡೆ ಕಣ್ಣುಬಿಟ್ಟು ಮೊಳಕೆ ಎದ್ದಿವೆ, ಎಷ್ಟು ಇನ್ನೂ ಮಲಗಿವೆ ಎಂದು ನೋಡಿದ ಮೇಲೆಯೇ ವ್ಯಾಪಾರ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ರೈತರೂ ಅಷ್ಟು ದೂರದಿಂದ ಬಂದು ಆಕೆಯ ಬಳಿಯೇ ಬೀಜ ಕೊಳ್ಳುತ್ತಿದ್ದರು. ಅದಕ್ಕೆ ಕಾರಣ ಆಕೆಯ ನಾಲಿಗೆಯ ಸವಿಯಂತೂ ಅಲ್ಲ. ಆ ನಾಲಿಗೆಗೆ ಹೆದರಿ ಗಂಡ ಷಡಕ್ಷರಿ ಅಂಗಡಿಯ ಹಿಂಭಾಗದಲ್ಲೇ ಮೂಟೆ ಜೋಡಿಸುತ್ತ ಕಾಲ ಹಾಕುತ್ತಿದ್ದ. ಒಳ್ಳೆಯ ಮನುಷ್ಯ. ಅಮ್ಮ ಹೇಳಿದರೂ ಹೂಂ, ಹೆಂಡತಿ ಹೇಳಿದರೂ ಹೂಂ, ಇಬ್ಬರೂ ಬೇರೆ ಬೇರೆ ಹೇಳಿದರೆ ಕೆಮ್ಮು.

ಇಂಥ ನೀಲಾಂಬಿಕೆಯ ಬಲ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಹಾಸನದ ಆಸ್ಪತ್ರೆಯೊಂದರಲ್ಲಿ ಸೂಜಿಯಿಂದ ಚೂರು ತೆಗೆದು ನೋಡಿ ಕ್ಯಾನ್ಸರ್ ಎಂದರು. ಆಕೆ ಅತ್ತಳು, ಮಧ್ಯಾಹ್ನವೆಲ್ಲ ಕೂತು ಅತ್ತಳು. ಸಂಜೆಗೆ ಮುಖ ತೊಳೆದುಕೊಂಡು, ಯಾವಾಗ ಕುಯ್ಯುತ್ತೀರಿ ಎಂದು ಕೇಳಿದಳು. ಆಪರೇಷನ್ ಆಯಿತು, ಕಂಕುಳಿಗೆ ಹರಡಿಲ್ಲ ಎಂಬ ಸಮಾಧಾನವೂ ಸಿಕ್ಕಿತು. ಮನೆಗೆ ಕಳಿಸುವಾಗ ಆಸ್ಪತ್ರೆಯವರು ಷಡಕ್ಷರಿಯ ಕೈಗೆ ಪುಟ್ಟ ಪ್ಲಾಸ್ಟಿಕ್ ಕವರೊಂದನ್ನು ಕೊಟ್ಟರು. ಒಳಗೆ ಗಂಟಿನ ಚೂರನ್ನು ಹುದುಗಿಸಿದ ಮೇಣದ ಬಿಲ್ಲೆ. "ನಿಮ್ಮ ಪೇಷಂಟಿಂದು, ಜೋಪಾನವಾಗಿ ಇಟ್ಕೊಳ್ಳಿ," ಎಂದರು. ಎಂಥ ಜೋಪಾನ ಎಂದು ಅವರೂ ಬಿಡಿಸಿ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಗಾಯ ಮಾಗಿದ ಮೇಲೆ ಗಂಡ ಹೆಂಡತಿ ಹಾಸನದಲ್ಲೇ ಕ್ಯಾನ್ಸರ್ ಡಾಕ್ಟರ್ ಮೇಘಶ್ರೀಯವರ ಮುಂದೆ ಕೂತರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅವಸರವಿಲ್ಲದೆ ಮಾತಾಡುವವಳು.

"ನೋಡಿ ಅಮ್ಮ, ನಿಮ್ಮದು ಹಾರ್ಮೋನ್ ಮಾತ್ರೆಗೆ ಬಗ್ಗೋ ಕಾಯಿಲೆ. ಮಾತ್ರೆ ಹೇಗೂ ಕೊಡ್ತೀನಿ. ಅದರ ಜೊತೆ ಕೀಮೋ ಬೇಕಾ ಬೇಡ್ವಾ ಅನ್ನೋದು ಪ್ರಶ್ನೆ. ಒಂದು ಜೀವಕೋಶ ಎರಡಾಗೋಕೆ ಹೊರಟಾಗ ಅದರೊಳಗೆ ಕೆಲವು ಪ್ರೋಟೀನ್ ಕಾಣಿಸ್ಕೊಳ್ತವೆ. ಕೆಐ-67 ಅಂತ ಒಂದಿದೆ. ಸುಮ್ನೆ ಮಲಗಿರೋ ಕೋಶದಲ್ಲಿ ಅದು ಇರಲ್ಲ. ಬಣ್ಣ ಹಾಕಿ ನೋಡಿದ್ರೆ ನೂರಕ್ಕೆ ಎಷ್ಟು ಎದ್ದಿವೆ ಅಂತ ತಿಳಿಯತ್ತೆ. ಜಾಸ್ತಿ ಎದ್ದಿದ್ರೆ ಕಾಯಿಲೆಗೆ ಅವಸರ ಅಂತ ಅರ್ಥ, ತಿರುಗಿ ಬರೋ ಭಯ ಜಾಸ್ತಿ."

"ಮೂಟೆ ಸುರ್ದು ಮೊಳಕೆ ನೋಡ್ದಂಗೆ," ಎಂದಳು ನೀಲಾಂಬಿಕೆ.

ಡಾಕ್ಟರಮ್ಮ ನಕ್ಕರು. "ಹಾಗೇ ಅನ್ನಿ. ಇದೊಂದನ್ನೇ ನಂಬಿ ತೀರ್ಮಾನ ಮಾಡಲ್ಲ, ಬೇರೆ ಲಕ್ಷಣಾನೂ ನೋಡ್ತೀವಿ. ಆದ್ರೆ ನಿಮ್ಮ ವಿಷಯದಲ್ಲಿ ತಕ್ಕಡಿ ಮಧ್ಯದಲ್ಲೇ ನಿಂತುಬಿಟ್ಟಿದೆ. ಸೂಜಿಯಲ್ಲಿ ತೆಗೆದ ಚೂರು ಮೊದಲ ಪರೀಕ್ಷೆಗಳಿಗೇ ಮುಗಿದುಹೋಯ್ತು. ಆ ಮೇಣದ ಬಿಲ್ಲೆ ತಂದಿದ್ದೀರಾ?"

ನೀಲಾಂಬಿಕೆ ಗಂಡನ ಕಡೆ ತಿರುಗಿದಳು. ಷಡಕ್ಷರಿ ಕೆಮ್ಮಿದ.

"ಹೂತ್ಬುಟ್ವಿ ಮೇಡಂ," ಎಂದ.

ಅವರ ಜನ ಸುಡುವವರಲ್ಲ, ಹೂಳುವವರು. ಮನುಷ್ಯಳ ಮೈಯ ತುಂಡೊಂದನ್ನು ಬೀರುವಿನಲ್ಲಿ ಸೀರೆಗಳ ಸಂದಿಯಲ್ಲಿ ಇಡುವುದುಂಟೇ ಎಂದು ತಾಯಿ ಪಾರ್ವತಮ್ಮ ಗದರಿದ್ದಳು. ಮಗ ಹೂಂ ಎಂದಿದ್ದ. ಕಟ್ಟಾಯದ ತೋಟದಲ್ಲಿ ಮನೆತನದ ಹಿರಿಯರೆಲ್ಲ ಮಲಗಿರುವ ಮೂಲೆಯಲ್ಲಿ, ಐನೋರನ್ನು ಕರೆಸಿ, ವಿಭೂತಿ, ಪತ್ರೆ ಹಾಕಿ ಬಿಲ್ಲೆಯನ್ನು ಮಣ್ಣು ಮಾಡಿಸಿದ್ದಳು ಪಾರ್ವತಮ್ಮ. ಷಡಕ್ಷರಿ ನೋಡಲಾರದೆ ದೂರದಲ್ಲಿ ತೆಂಗಿನ ಮರ ಹಿಡಿದು ನಿಂತಿದ್ದನಂತೆ. ನೀಲಾಂಬಿಕೆಗೆ ಮಾತ್ರ ಯಾರೂ ಉಸಿರೆತ್ತಿರಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಹಾಗಾದ್ರೆ ಅಂದಾಜಿನ ಮೇಲೆ ತೀರ್ಮಾನ ಮಾಡ್ಬೇಕಾಗತ್ತೆ," ಎಂದರು.

ಆ ಮಾತು ಮುಗಿಯುವುದರೊಳಗೆ ನೀಲಾಂಬಿಕೆ ಎದ್ದು ನಿಂತಿದ್ದಳು. "ಮೇಣ ಮಣ್ಣಲ್ಲಿ ಕೆಡ್ತದಾ ಡಾಕ್ಟ್ರೇ?"

"ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಬಿಸಿ ತಾಕದೆ, ನೀರು ಸೇರದೆ ಇದ್ರೆ ಉಳಿದಿರಬಹುದು. ಸಿಕ್ಕರೆ ತನ್ನಿ, ನೋಡೋಣ."

ಕಾರು ಅರಕಲಗೂಡಿನ ಕಡೆ ತಿರುಗಲಿಲ್ಲ, ನೇರ ಕಟ್ಟಾಯಕ್ಕೆ ಹೊರಟಿತು. "ಅವ್ವನ್ ಒಂದ್ ಮಾತು ಕೇಳಿ..." ಎಂದು ಷಡಕ್ಷರಿ ಬಾಯಿ ತೆರೆದ. "ಹೂಳುವಾಗ ನನ್ನ ಕೇಳಿದ್ರೇನ್ರೀ?" ಎಂದಳು ಹೆಂಡತಿ. ಅಲ್ಲಿಂದಾಚೆಗೆ ಅವನು ರಸ್ತೆ ನೋಡಿಕೊಂಡು ಕಾರು ಓಡಿಸಿದ.

ಪಾರ್ವತಮ್ಮ ತೋಟದ ಮನೆಯಲ್ಲೇ ಇರುವವಳು. ಸೊಸೆ ಗುದ್ದಲಿ ಹಿಡಿದು ಬರುವುದನ್ನು ಕಂಡು ಅಡ್ಡ ನಿಂತಳು.

"ಬ್ಯಾಡ ಕಣವ್ವ. ಮಣ್ಣು ಮಾಡಿದ್ದನ್ನ ತಗೀಬಾರ್ದು."

"ಮಣ್ಣು ಮಾಡಿದ್ದು ನನ್ನ ಮೈನ ಅತ್ತೆ. ನನ್ನ ಕೇಳ್ದೆ ಮಾಡಿದ್ರಿ. ದಾರಿ ಬುಡಿ."

ಬಿಲ್ಲೆ ತನ್ನ ಅಪ್ಪನ ಸಮಾಧಿಯ ಕಾಲುದೆಸೆ ಇರಬೇಕು ಎಂದು ಷಡಕ್ಷರಿ ತೋರಿಸಿದ. ಆಪರೇಷನ್ ಆದ ಬಲಗೈ ಇನ್ನೂ ಮೇಲಕ್ಕೆ ಏಳುತ್ತಿರಲಿಲ್ಲ. ನೀಲಾಂಬಿಕೆ ಎಡಗೈಯಲ್ಲೇ ಗುದ್ದಲಿ ಹಾಕಿದಳು. ಬಿಸಿಲು ನೆತ್ತಿ ಸುಡುತ್ತಿತ್ತು. ಅಗೆದಳು, ಕೂತಳು, ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಅಗೆದಳು. ಕಲ್ಲು ಬಂತು, ಬೇರು ಬಂತು, ಬಿಲ್ಲೆ ಬರಲಿಲ್ಲ. ಷಡಕ್ಷರಿ ಒಮ್ಮೆ ತಾಯಿಯ ಮುಖ ನೋಡಿದ, ಒಮ್ಮೆ ಹೆಂಡತಿಯ ಎಡಗೈ ನೋಡಿದ. ಕೆಮ್ಮಲಿಲ್ಲ. ಹೋಗಿ ಗುದ್ದಲಿ ಇಸಿದುಕೊಂಡ.

ಆಗ ಪಾರ್ವತಮ್ಮ ಹಿಂದಿನಿಂದ ಹೇಳಿದಳು. "ಅಲ್ಲಿಲ್ಲ ಕಣ್ಲಾ. ನನ್ನ ಜಾಗ್ದಲ್ಲಿ ಐತೆ."

ಗಂಡನ ಸಮಾಧಿಯ ಎಡಕ್ಕೆ ತನಗೆಂದು ಆಕೆ ಬಿಡಿಸಿಕೊಂಡಿದ್ದ ಜಾಗ ಅದು. ಅಲ್ಲಿ ಒಂದು ಕಳೆ ಏಳಲು ಬಿಡುತ್ತಿರಲಿಲ್ಲ, ಒಂದು ಮೇಕೆ ಕಟ್ಟಲು ಬಿಡುತ್ತಿರಲಿಲ್ಲ.

"ನಿಮ್ಮ ಜಾಗ್ದಲ್ಲಾ? ಯಾಕತ್ತೆ?"

"ಈ ಮನೇಲಿ ಮುಂದ್ಲ ಸರದಿ ನಂದು ಕಣವ್ವ. ಸಾವು ಸರದಿ ತಪ್ಸಿ ನಿನ್ನ ಕೇಳ್ಕಂಡು ಬಂತಲ್ಲ. ಅದ್ಕೇ ನನ್ನ ಜಾಗ್ದಲ್ಲಿ ನಿನ್ನ ಚೂರಿಟ್ಟು ಐನೋರ್ ಕೈಲಿ ಶಾಸ್ತ್ರವಾಗಿ ಮಣ್ಣು ಮಾಡುಸ್ದೆ. ನೀಲಾಂಬಿಕೆ ಮಣ್ಣಾದ್ಲು, ನಿನ್ನ ಕೆಲ್ಸ ಮುಗೀತು, ಇನ್ ಓಗು ಅಂತ ಸಾವಿಗಂದೆ. ಈಗ ನೀನೇ ತಗದ್ರೆ ಅದು ತಿರ್ಗಾ ಬರಾಕಿಲ್ವಾ?" ಮುದುಕಿ ಅಲ್ಲೇ ನೆಲಕ್ಕೆ ಕೂತಳು.

ದಾರಿಯುದ್ದಕ್ಕೂ ನೀಲಾಂಬಿಕೆ ಅತ್ತೆಗೆಂದು ಜೋಡಿಸಿಕೊಂಡು ಬಂದಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಜಗಳವಾಡಿದ್ದೇ ಹೆಚ್ಚು. ಈ ಹೆಂಗಸಿಗೆ ತನ್ನ ಮೇಲೆ ಇಷ್ಟು ಪ್ರೀತಿ ಇದೆಯೆಂದು ಆಕೆಗೆ ಗೊತ್ತೇ ಇರಲಿಲ್ಲ. ಮಣ್ಣಿನ ಮೇಲೆ ಅತ್ತೆಯ ಪಕ್ಕ ಕುಳಿತಳು.

"ಅತ್ತೆ, ಅದು ಓಯ್ತು ಅಂತ ನೀವು ಅಂದಾಜಲ್ಲಿ ಯೋಳ್ತಾ ಇದೀರ. ನಾನು ನೋಡಿ ತಿಳ್ಕೋಬೇಕು. ಮಲ್ಗಿದ್ರೆ ಸರಿ. ಎದ್ದಿದ್ರೆ ಒಡೀತೀನಿ. ಎದ್ದೈತೋ ಇಲ್ವೋ ಗೊತ್ತಿಲ್ದೆ ಯಾವ್ದನ್ನ ಒಡೀಲಿ?"

ಪಾರ್ವತಮ್ಮ ಕಣ್ಣೊರೆಸಿಕೊಂಡಳು. ಎದ್ದು ತನ್ನ ಜಾಗಕ್ಕೆ ಹೋಗಿ, ಗುದ್ದಲಿ ಬೇಡವೆಂದು, ಕೈಯಲ್ಲೇ ಮಣ್ಣು ಬಗೆದಳು. ಹಳೆಯ ವಿಭೂತಿ ಡಬ್ಬಿ ಬಂತು. ಅದರೊಳಗೆ ಕವರು, ಕವರಿನೊಳಗೆ ಬಿಲ್ಲೆ, ಒಂದು ಮೂಲೆಯೂ ಮುಕ್ಕಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಬಿಲ್ಲೆಯಿಂದ ಪದರ ತೆಗೆದು ಬಣ್ಣ ಹಾಕಿ ನೋಡಿದರು. ನೂರಕ್ಕೆ ನಲವತ್ತು ಕೋಶ ಎದ್ದಿದ್ದವು. ಕೀಮೋ ಕೊಡಲೇಬೇಕು ಎಂದರು ಡಾಕ್ಟರಮ್ಮ.

"ಬ್ಯಾಡ ಅಂದ್ನಲ್ಲ, ತಗದಿದ್ಕೇ ಎದ್ಬುಟ್ಟೈತೆ!" ಎಂದು ಪಾರ್ವತಮ್ಮ ಹಣೆ ಚಚ್ಚಿಕೊಂಡಳು.

"ಇಲ್ಲ ಅತ್ತೆ. ಮೇಣಕ್ಕೆ ಆಕಿದ್ ದಿವ್ಸ ಎಂಗಿತ್ತೋ ಈಗ್ಲೂ ಅಂಗೇ ಐತೆ. ಆಗ್ಲೇ ಎದ್ದಿತ್ತು. ನಮ್ಗೆ ಈಗ ಗೊತ್ತಾಯ್ತು, ಅಷ್ಟೇಯ."

ಆ ಬೇಸಿಗೆ ಸುಲಭವಾಗಿರಲಿಲ್ಲ. ಕೂದಲು ಕೈಗೆ ಕೈಗೆ ಬಂತು. ಬಾಯೆಲ್ಲ ಹುಣ್ಣಾಗಿ ಗಂಜಿಯೂ ಖಾರವೆನಿಸಿತು. ಕೆಲವು ದಿನ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾಗಲಿಲ್ಲ, ಸಾಕಪ್ಪಾ ಈ ಬಾಳು ಎಂದೂ ಅನ್ನಿಸಿತು. ಆದರೂ ಜಲಂಧರದ ಲಾರಿ ಬಂದ ದಿನ ನೀಲಾಂಬಿಕೆ ತಲೆಗೆ ಟವೆಲು ಸುತ್ತಿಕೊಂಡು ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಬೀಜ ಕೊಳ್ಳಲು ಬಂದ ಹುಡುಗನೊಬ್ಬ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಾಗ, "ನನ್ನೇನ್ಲಾ ನೋಡೀಯೆ? ಗೆಡ್ಡೆ ನೋಡು," ಎಂದು ಮೂಟೆ ಸುರಿಸಿದಳು.

ಚಿಕಿತ್ಸೆ ಮುಗಿದ ಮೇಲೆ ಆಸ್ಪತ್ರೆಯವರು ಬಿಲ್ಲೆಯನ್ನು ವಾಪಸು ಕೊಟ್ಟರು. ಈ ಸಲ ಜೋಪಾನ ಎಂದರೇನೆಂದು ಷಡಕ್ಷರಿ ಬಿಡಿಸಿ ಬಿಡಿಸಿ ಕೇಳಿಕೊಂಡ. ಮೂವರೂ ಕಟ್ಟಾಯದ ತೋಟದಲ್ಲಿ ನಿಂತಾಗ, ತಾಯಿಯ ಮನಸ್ಸಿನಲ್ಲಿ ಏನಿದೆಯೋ ಎಂದು ಕವರನ್ನು ಮುಂದೆ ಹಿಡಿದ.

"ನನಗ್ಯಾಕ್ಲಾ? ಬೀರುನಲ್ಲಿ ಮಡಗು. ಡಾಕ್ಟ್ರಮ್ಮ ಇನ್ನೊಂದ್ಸಲ ಕೇಳಿದ್ರೆ ಎಲ್ಲಿಂದ ತತ್ತೀಯ?" ಎಂದಳು ಪಾರ್ವತಮ್ಮ. ಆಮೇಲೆ ಗಂಡನ ಪಕ್ಕದ ಆ ಜಾಗವನ್ನು ಕಾಲಲ್ಲಿ ಸವರಿ ಸಮ ಮಾಡುತ್ತ ಸೊಸೆಗೆ ಬೆರಳು ತೋರಿಸಿದಳು. "ಇದು ನಂದು ಕಣವ್ವ. ಮೊದ್ಲು ನಾನು. ನೀನು ನನ್ನ ಹಿಂದ್ಗಡೆ ಸರದೀಲಿ ನಿಂತ್ಕೋಬೇಕು, ಮುಂದಕ್ಕೆ ನುಗ್ಗೋ ಆಗಿಲ್ಲ."

ನೀಲಾಂಬಿಕೆ ಹೊಸದಾಗಿ ಚಿಗುರುತ್ತಿದ್ದ ಕೂದಲ ಮೇಲೆ ಕೈಯಾಡಿಸಿಕೊಂಡಳು.

"ಆಯ್ತತ್ತೆ. ನನಗೇನೂ ಅವಸರ ಇಲ್ಲ."