ಚಪ್ಪಲಿ ಸ್ಟ್ಯಾಂಡನ್ನು ಮೈದಾನಕ್ಕೆ ಕಳಿಸಿದ ಮೇಡಂ

೧೯೯೧ರಲ್ಲಿ ಏಳನೇ ತರಗತಿ ಮುಗಿಸಿ ಓದು ನಿಲ್ಲಿಸಿದವನು ನಾನು. ರಿಪ್ಪನ್‌ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಕೆಲಸ ಕಲಿತೆ. ಗೇಟು, ಗ್ರಿಲ್, ಮೆಟ್ಟಿಲು, ಏನು ಹೇಳಿದರೂ ಮಾಡಿ ನಿಲ್ಲಿಸುತ್ತಿದ್ದೆ. ಹಾಗಾಗಿ ಪಾಠ ಹೇಳುವವರನ್ನು ಕಂಡರೆ ನನಗೆ ಹೆದರಿಕೆಯೂ ಇರಲಿಲ್ಲ, ವಿಶೇಷ ಭಕ್ತಿಯೂ ಇರಲಿಲ್ಲ. ಈ ಮೇಡಂ ಮಾತ್ರ ಬೇರೆ. ಮೊದಲ ಸಲ ನೋಡಿದಾಗ ಅವರ ಕರಿಮಣಿ ಸರದ ಪಕ್ಕದಲ್ಲೇ ಹಸಿರು ಶೂ ಲೇಸಿಗೆ ಕಟ್ಟಿದ ಸೀಟಿಯೊಂದು ನೇತಾಡುತ್ತಿತ್ತು. ಸೀರೆ ಕಣಕಾಲಿನಿಂದ ಒಂದು ಗೇಣು ಮೇಲೆ. ಯಾವ ಗಳಿಗೆಯಲ್ಲಾದರೂ ಓಡಬೇಕಾದೀತು ಎಂಬಂತೆ ಉಟ್ಟಿದ್ದರು.

ನಾನು ಆಗ ವಿಶ್ವವಿದ್ಯಾಲಯದಲ್ಲಿ ಗುತ್ತಿಗೆಯ ಮೇಲಿದ್ದೆ. ಲೈಬ್ರರಿಯ ಬಾಗಿಲು, ಬೀಗ, ರಿಪೇರಿ ಎಲ್ಲ ನನ್ನದು. ಅವರು ಸಸ್ಯಶಾಸ್ತ್ರದ ಪ್ರೊಫೆಸರ್, ಮೇಳಿಗೆ ಕಡೆಯವರು. ವಿಪತ್ತು ನಿರ್ವಹಣೆಯ ಸಂಯೋಜಕರ ಕೆಲಸ ಯಾರಿಗೂ ಬೇಡವಾಗಿತ್ತು. ಇವರು ತಾವಾಗಿ ಕೇಳಿ ತೆಗೆದುಕೊಂಡರು.

ಅವರ ಮೊದಲ ಮೀಟಿಂಗಿಗೆ ನನ್ನನ್ನೂ ಕರೆದಿದ್ದರು. ಮೇಜಿನ ಸುತ್ತ ವಿಭಾಗಗಳ ಮುಖ್ಯಸ್ಥರು. ನಾನು ಗೋಡೆಗೆ ಒರಗಿ ನಿಂತೆ.

"ನೀವ್ಯಾಕೆ ನಿಂತಿದ್ದು? ಕೂರಿ."

"ಇರ್ಲಿ ಮೇಡಂ."

"ನಿಂತೋರ ಮಾತು ಯಾರ ಕಿವಿಗೂ ಬೀಳಲ್ಲ. ಕೂರಿ."

ಬೆಂಕಿಗಿಂಕಿ ಬಿದ್ದರೆ ಯಾರು ಏನು ಮಾಡಬೇಕೆಂಬ ಯೋಜನೆ ಇಂಗ್ಲಿಷಿನಲ್ಲಿತ್ತು. ಅವರು ಒಂದೊಂದು ಪುಟವನ್ನೂ ಕನ್ನಡದಲ್ಲಿ ಹೇಳುತ್ತಾ, ಪ್ರತಿ ಬಾಗಿಲು ಬಂದಾಗಲೂ ನನ್ನತ್ತ ತಿರುಗಿ, "ಇದು ಒಳಕ್ಕೆ ತೆಗಿಯುತ್ತಾ, ಹೊರಕ್ಕಾ?" ಎಂದು ಕೇಳುತ್ತಿದ್ದರು. ಮುಖ್ಯಸ್ಥರು ಮೊಬೈಲು ನೋಡುತ್ತಿದ್ದರು. ಯಾರಾದರೂ "ಎಲ್ಲಾ ಪ್ಲಾನಿನಲ್ಲಿದೆಯಲ್ಲ" ಎಂದರೆ ಮೇಡಂ ಹೇಳುತ್ತಿದ್ದ ಮಾತು ಒಂದೇ: "ಕಾಗದಕ್ಕೆ ಕಾಲಿಲ್ಲ. ಓಡೋರು ನಾವು."

ಮೊದಲ ಅಣಕು ಕಾರ್ಯಾಚರಣೆ ಲೈಬ್ರರಿಯಲ್ಲೇ ನಡೆಯಿತು. ಗಂಟೆ ಹೊಡೆದರೆ ಮೂರು ನಿಮಿಷದೊಳಗೆ ಎಲ್ಲರೂ ಹೊರಬಂದು ಮೈದಾನದ ಧ್ವಜಸ್ತಂಭದ ಹತ್ತಿರ ಸೇರಬೇಕು. ಒಂಬತ್ತು ನಿಮಿಷ ಹಿಡಿಯಿತು. ಆಡಳಿತ ವಿಭಾಗದ ಅಧಿಕಾರಿಯೊಬ್ಬರು ಎಲ್ಲರೆದುರೇ ನನ್ನನ್ನು ತೋರಿಸಿ, "ಬಾಗ್ಲಲ್ಲಿ ಇವನು ಎಂತ ಮಾಡ್ತಿದ್ದ? ಅಲ್ಲಿಗೆ ನಾಲ್ಕಕ್ಷರ ಓದಿದೋನನ್ನ ಹಾಕ್ಬೇಕಿತ್ತು" ಎಂದರು. ಗುತ್ತಿಗೆ ಮುಂದುವರಿಸುವ ವಿಚಾರವನ್ನು ಮುಂದಿನ ಡ್ರಿಲ್ ನೋಡಿ ತೀರ್ಮಾನಿಸೋಣ ಎಂದೂ ಸೇರಿಸಿದರು. ಕೆಲಸ ಹೋದರೆ ಬೇರೆ ಕೆಲಸ ಸಿಗುತ್ತಿತ್ತು. ಕೆಲಸ ಬರುವುದಿಲ್ಲ ಎನ್ನಿಸಿಕೊಂಡು ಹೋಗುವುದು ನನ್ನಿಂದ ಆಗುವ ಮಾತಾಗಿರಲಿಲ್ಲ.

ಮಧ್ಯಾಹ್ನ ಮೇಡಂ ಒಬ್ಬರೇ ಲೈಬ್ರರಿ ಬಾಗಿಲಿಗೆ ಬಂದರು.

"ಹೆಂಗಾಗ್ಬೇಕಿತ್ತು ಅಂತ ಬೇಡ. ನೀವು ಎಂತ ನೋಡಿದ್ರಿ, ಅಷ್ಟು ಹೇಳಿ."

"ಎಲ್ರೂ ಚಪ್ಪಲಿ ಹುಡುಕ್ತಿದ್ರು ಮೇಡಂ."

ನಮ್ಮ ಕಡೆ ಪುಸ್ತಕ ಇರುವಲ್ಲಿಗೆ ಚಪ್ಪಲಿ ಹಾಕಿಕೊಂಡು ಯಾರೂ ಹೋಗುವುದಿಲ್ಲ. ಅದಕ್ಕೆ ಬೋರ್ಡು ಬೇಕಿಲ್ಲ. ಹೊಸ್ತಿಲಾಚೆ ಇನ್ನೂರು ಜೊತೆ ಚಪ್ಪಲಿ ಬಿದ್ದಿರುತ್ತಿತ್ತು. ಗಂಟೆ ಹೊಡೆದಾಗ ಮುಂದಿನವರು ತಮ್ಮ ಜೋಡಿಗಾಗಿ ಬಗ್ಗಿದರು, ಹಿಂದಿನವರು ಅವರ ಬೆನ್ನಿಗೆ ಬಂದು ಬಿದ್ದರು.

"ನೀವೂ ಹುಡುಕಿದ್ರಾ?"

"ಮೊದ್ಲು ಹುಡುಕ್ದೋನೇ ನಾನು."

ಅವರು ನಕ್ಕರು. "ನಾನೂ ಹುಡುಕ್ದೆ ಮಾರಾಯ್ರೇ. ಮೊನ್ನೆ ತಗಂಡಿದ್ದು."

ಮರುದಿನದ ಮೀಟಿಂಗಿನಲ್ಲಿ, ಚಪ್ಪಲಿ ಹಾಕಿಕೊಂಡೇ ಒಳಗೆ ಬರಬೇಕೆಂದು ಆದೇಶ ಮಾಡೋಣ ಎಂದರು ಆ ಅಧಿಕಾರಿ. ನಾನು ಕೂತಲ್ಲಿಂದಲೇ, "ಆದೇಶ ಮಾಡ್ಬಹುದು ಸಾರ್. ಕಾಲು ಕೇಳಲ್ಲ" ಎಂದೆ. ಮೇಡಂ ಕಿಟಕಿಯಾಚೆಯ ಮೈದಾನ ತೋರಿಸಿ, "ಚಪ್ಪಲಿ ಬಿಡೋರು ಬಿಡ್ತಾರೆ, ಹುಡುಕೋರು ಹುಡುಕ್ತಾರೆ. ಹಂಗಾದ್ರೆ ಚಪ್ಪಲಿನೇ ಧ್ವಜಸ್ತಂಭದ ಹತ್ರ ಕಳ್ಸಣ. ಅದನ್ನ ಹುಡುಕ್ಕೊಂಡು ಎಲ್ರೂ ಅಲ್ಲಿಗೇ ಓಡ್ಲಿ" ಎಂದರು.

ಎರಡು ದಿನದಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿ ಮೈದಾನದಂಚಿಗೆ ನಿಲ್ಲಿಸಿದೆ. ಮೇಲೆ ಶೀಟು ಹೊದಿಸಿ, ಲೈಬ್ರರಿಯವರೆಗೆ ಕಲ್ಲು ಹಾಸಿದೆ. ಲೈಬ್ರರಿಯ ಹಿರಿಯ ಗುಮಾಸ್ತರು, "ಬರಿಗಾಲಲ್ಲಿ ನಡಿಯೋಕೆ ನಾವೇನು ಹರಕೆ ಹೊತ್ತಿದೀವಾ?" ಎಂದು ದಿನಾ ಗೊಣಗುತ್ತಲೇ ನಡೆದರು.

ಎರಡನೇ ಡ್ರಿಲ್ ಮಾಡುವ ಮೊದಲೇ, ಒಂದು ಮಧ್ಯಾಹ್ನ ಊಟದ ಹೊತ್ತಿಗೆ, ಲೈಬ್ರರಿಯ ಬ್ಯಾಟರಿ ರೂಮಿನಿಂದ ನಿಜವಾದ ಹೊಗೆ ಬಂತು. ನಾನು ಮೇನ್ ಸ್ವಿಚ್ ಇಳಿಸಿ ಗಂಟೆ ಬಾರಿಸಿದೆ. ಬಾಗಿಲಲ್ಲಿ ಯಾರೂ ಬಗ್ಗಲಿಲ್ಲ. ಸೀದಾ ಮೈದಾನಕ್ಕೆ ಓಡಿದರು. ಮೇಡಂ ಸೀಟಿ ಊದುತ್ತಾ ಬರುವಷ್ಟರಲ್ಲಿ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಸಾಲಾಗಿದ್ದರು. ತಿರುಗಿ ನೋಡಿದರೆ ಸ್ಟ್ಯಾಂಡಿನಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಹಾಗೇ ಇತ್ತು. ಹರಿದ ಪಟ್ಟಿಗೆ ತಂತಿ ಸುತ್ತಿದ್ದು.

ಆ ತಂತಿ ಸುತ್ತಿಕೊಟ್ಟವನು ನಾನೇ. ಕಸ ಗುಡಿಸುವ ಅಕ್ಕನ ಚಪ್ಪಲಿ ಅದು. ಅವರು ಮಹಡಿಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಊಟ ಮಾಡುತ್ತಾರೆ, ಅವರಿಗೆ ಕಿವಿಯೂ ಮಂದ. ನಾನು ಲೈಬ್ರರಿ ಬಾಗಿಲಿನತ್ತ ಓಡಿದೆ. ಮೇಡಂ ನನ್ನ ತೋಳು ಹಿಡಿದರು.

"ಅತ್ಲಾಗೆ ಬೇಡ. ನಿಮ್ಮನ್ನೂ ಹುಡುಕೋ ಕೆಲ್ಸ ನಂಗೆ ಕೊಡ್ಬೇಡಿ. ಬೇರೆ ದಾರಿ ಯಾವ್ದು?"

"ಹೊರಗಿನ ಕಬ್ಬಿಣದ ಮೆಟ್ಲು. ಬೀಗದ ಕೈ ನನ್ಹತ್ರ ಇದೆ."

"ಹೊಗೆ ಇಲ್ದಿದ್ರೆ ಮಾತ್ರ ಹತ್ತಿ. ಗುಮಾಸ್ತ್ರೇ, ಇವರ ಜೊತೆ ಹೋಗಿ."

ಆ ಕಡೆ ಹೊಗೆ ಇರಲಿಲ್ಲ. ಗೊಣಗುವ ಗುಮಾಸ್ತರು ನನ್ನ ಹಿಂದೆಯೇ ಹತ್ತಿದರು. ಬಾಗಿಲು ತೆರೆದರೆ ಅಕ್ಕ ಅನ್ನ ಕಲಸುತ್ತಾ ಕೂತಿದ್ದರು. ಕೈ ಹಿಡಿದು ಇಳಿಸಿಕೊಂಡು ಬಂದೆವು. ಕೆಳಗೆ ಬಂದ ಮೇಲೆ, "ಡಬ್ಬಿ ಒಳಗೇ ಉಳೀತಲ್ಲ ಮಾರಾಯ" ಎಂದು ನನ್ನನ್ನೇ ಬೈದರು. ಮೇಡಂ ಕಲ್ಲುಹಾಸಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಎದ್ದು ಸಾಲನ್ನು ಇನ್ನೊಮ್ಮೆ ಎಣಿಸಿದರು.

ಅಗ್ನಿಶಾಮಕ ದಳದವರು ಬಂದು ಬೆಂಕಿ ಆರಿಸಿದರು. ಆ ಕೋಣೆ ಬಿಟ್ಟು ಬೇರೇನೂ ಸುಡಲಿಲ್ಲ. ವರದಿ ಬರೆಯುವಾಗ ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಸಾಲನ್ನೂ ಓದಿ ಹೇಳಿದರು. ಯೋಜನೆಯ ಹೊಸ ಪ್ರತಿಯಲ್ಲಿ, ಬಾಗಿಲುಗಳ ಹೊಣೆ ಎನ್ನುವ ಕಡೆ ಹುದ್ದೆಯನ್ನಷ್ಟೇ ಹಾಕಲಿಲ್ಲ, ನನ್ನ ಹೆಸರನ್ನೇ ಹಾಕಿದರು. ಅಧಿಕಾರಿ ಅದನ್ನು ನೋಡಿ ಸಹಿ ಮಾಡಿದರು. ಗುತ್ತಿಗೆ ಮುಂದುವರಿಯಿತು.

ನಿವೃತ್ತಿಯಾದ ಎರಡನೇ ವರ್ಷಕ್ಕೇ ಮೇಡಂ ತೀರಿಕೊಂಡರು. ಕಾಯಿಲೆಯ ಕೊನೆಯಲ್ಲಿ ನೋಡಲು ಹೋದಾಗ ಕ್ಷೇಮ ಸಮಾಚಾರ ಎಂತದೂ ಕೇಳಲಿಲ್ಲ. "ನೀವು ರಜೆ ಹಾಕಿದ್ ದಿನ ಬಾಗ್ಲು ಯಾರು ನೋಡ್ತಾರೆ?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. "ಕಲಿಸಿ" ಎಂದರು, ಅಷ್ಟೇ.

ಕಲಿಸಿದೆ. ಈಗ ನನ್ನ ಹೊಣೆಯಲ್ಲಿ ನಾಲ್ಕು ಕಟ್ಟಡಗಳಿವೆ, ಹತ್ತೊಂಬತ್ತು ಬಾಗಿಲುಗಳಿವೆ, ನಾನಿಲ್ಲದ ದಿನವೂ ಅವನ್ನು ತೆರೆಯಬಲ್ಲ ಆರು ಜನ ಇದ್ದಾರೆ.